ಮಗ್ಗ ನಿಂತ ದಿನದ ಸದ್ದು

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ವಿದ್ಯುತ್ ಮಗ್ಗದ ಖಟಖಟ ಕೇಳಿದ್ದೀರಾ? ಹೊರಗಿನವರಿಗೆ ಅದು ತಲೆನೋವು, ನೇಯುವವರಿಗೆ ಅವತ್ತಿನ ಕೂಲಿ. 2020ರ ಮಾರ್ಚ್ 25ಕ್ಕೆ ದೇಶವೇ ಲಾಕ್‌ಡೌನ್ ಆಯ್ತು, ಮಗ್ಗಗಳೂ ನಿಂತವು. ಅಲ್ಲಿ ಭಯ ಹುಟ್ಟಿಸಿದ್ದು ಸದ್ದಲ್ಲ, ನಿಶ್ಶಬ್ದ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಸೌಂಡ್ ಡಿಸೈನ್ ಮತ್ತು ಭಾವನೆ ಕುರಿತ ಎಂಎ ಪ್ರಬಂಧ ಕೈಗೆ ಬಂದ್ರೆ ನಾನು ಮೊದಲು ಹುಡುಕೋದು ಒಂದೇ: ಕೇಳಿದ ಕಿವಿ ಯಾರದ್ದು? ‘ಗದ್ದಲ ಅಂದ್ರೆ ಆತಂಕ, ಮೌನ ಅಂದ್ರೆ ನೆಮ್ಮದಿ’ ಅಂತಷ್ಟೇ ಬರೆದಿದ್ರೆ ನನ್ನ ಲೆಕ್ಕದಲ್ಲಿ ಅಂಕ ಕಮ್ಮಿ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯ್ತಲ್ಲ, ಆ ವಿಮಾನದ ಸದ್ದು ಪ್ರಯಾಣಿಕರಿಗೆ ಖುಷಿ. ಅಲ್ಲಿ ಜಮೀನು ಬಿಟ್ಟುಕೊಟ್ಟವರಿಗೆ? ಹೆಡ್‌ಫೋನ್ ಹಾಕಿದ ಸಹಪಾಠಿಗಳನ್ನಷ್ಟೇ ಕೇಳಿದ್ರೆ ಸಾಲದು ಕಣ್ರೀ, ಅದೇ ಆಡಿಯೊವನ್ನ ಮಗ್ಗದ ಮನೆಯಲ್ಲೂ ಒಮ್ಮೆ ಹಾಕಿ ಕೇಳಿಸಬೇಕು.