ಸಾಕಿದ ಬೆಕ್ಕಿಗೆ ಹಾಲನ್ನ ಸಾಕೇ?

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂಬ ಗಾದೆಯನ್ನೂ, ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು ಮತ್ತೆ ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನೂ ಕೇಳಿ ಬೆಳೆದವರಿಗೆ ಬೆಕ್ಕಿನ ಆಹಾರವೆಂದರೆ ಹಾಲು ಎಂಬುದರಲ್ಲಿ ಸಂಶಯವಿರುವುದಿಲ್ಲ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಸುತ್ತಲಿನ ಹಳೆಯ ಬೀದಿಗಳಲ್ಲಾಗಲಿ, ತಿ. ನರಸೀಪುರದ ಸಂಗಮದ ಕಡೆಯ ಮನೆಗಳಲ್ಲಾಗಲಿ, ಬೆಕ್ಕಿಗೆಂದು ತೆಗೆದಿಟ್ಟ ಬಟ್ಟಲಿನಲ್ಲಿ ಹಾಲನ್ನವೋ ಮೊಸರನ್ನವೋ ಇರುವುದು ಹಳೆಯ ರೂಢಿ. ತಲೆಮಾರುಗಳಿಂದ ಬೆಕ್ಕುಗಳು ಅದನ್ನೇ ತಿಂದು ಬದುಕಿವೆಯಲ್ಲ, ಈಗೇಕೆ ಬೇರೆ ಆಹಾರ ಎಂಬ ಪ್ರಶ್ನೆ ಸಹಜವಾದುದೇ. ಅದಕ್ಕೆ ಉತ್ತರವಿರುವುದು ಬಟ್ಟಲಿನ ಒಳಗಲ್ಲ, ಹೊರಗೆ.

ಕಪಿಲಾ ಮತ್ತು ಕಾವೇರಿಯ ನೀರಿನಿಂದ ಭತ್ತ ಬೆಳೆಯುವ ಈ ಎರಡು ತಾಲೂಕುಗಳಲ್ಲಿ ಬೆಕ್ಕನ್ನು ಸಾಕಿದ್ದು ಮುದ್ದಿಗಾಗಿ ಮಾತ್ರ ಅಲ್ಲ. ಭತ್ತದ ಕಣಜಕ್ಕೆ ಇಲಿಯ ಕಾಟವಿತ್ತು. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಇಲಿ ಹೊಕ್ಕರೆ ಹುಳುವೂ ಉಳಿಯುವುದಿಲ್ಲ, ಗೂಡೂ ಉಳಿಯುವುದಿಲ್ಲ. ತಿ. ನರಸೀಪುರದ ಸುತ್ತಮುತ್ತ ರೇಷ್ಮೆ ಹಳೆಯ ಕಸುಬು. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ತೆಗೆಯುವ ಕಾರ್ಖಾನೆ ಅಲ್ಲಿರುವುದೂ ಆ ಕಾರಣದಿಂದಲೇ. ಹೀಗೆ ಕೆಲಸಕ್ಕೆಂದು ಇಟ್ಟುಕೊಂಡ ಬೆಕ್ಕು ರಾತ್ರಿಯೆಲ್ಲ ಇಲಿ, ಹಲ್ಲಿ, ಓತಿಕೇತ, ಗುಬ್ಬಚ್ಚಿ ಹಿಡಿದು ತಿನ್ನುತ್ತಿತ್ತು. ಬೆಳಗಿನ ಹಾಲನ್ನ ಅದಕ್ಕೆ ಊಟವಲ್ಲ, ನಂಜಿಕೊಳ್ಳುವ ಪದಾರ್ಥ.

ಈಗ ಆ ಬೆಕ್ಕು ತಾರಸಿ ಮನೆಯೊಳಗೆ, ಕೆಲವೊಮ್ಮೆ ಮೈಸೂರು ಬೆಂಗಳೂರುಗಳ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿದೆ. ಇಲಿ ಹೋಯಿತು, ಹಾಲನ್ನ ಉಳಿಯಿತು. ತೊಂದರೆ ಆರಂಭವಾಗುವುದು ಇಲ್ಲಿ.

ಅರ್ಧ ಗುಲಗಂಜಿಯ ಲೆಕ್ಕ

ನಾಯಿ ಮಿಶ್ರಾಹಾರಕ್ಕೆ ಹೊಂದಿಕೊಂಡ ಪ್ರಾಣಿ. ಬೆಕ್ಕು ಹಾಗಲ್ಲ, ಅದರ ಶರೀರ ಮಾಂಸವನ್ನೇ ನೆಚ್ಚಿಕೊಂಡಿದೆ. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟೀನನ್ನು ನಾವು ಎ ಜೀವಸತ್ವವಾಗಿ ಪರಿವರ್ತಿಸಿಕೊಳ್ಳಬಲ್ಲೆವು. ಬೆಕ್ಕಿಗೆ ಅದು ಸಾಧ್ಯವಿಲ್ಲ. ಸಿಹಿಯ ರುಚಿಯೂ ಅದಕ್ಕೆ ತಿಳಿಯದು. ಸಿಹಿಯನ್ನು ಗುರುತಿಸುವ ಜೀನು ಬೆಕ್ಕಿನಲ್ಲಿ ಕೆಟ್ಟುಹೋಗಿರುವುದನ್ನು ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದರು. ಆದ್ದರಿಂದ ಪಾಯಸದ ಬಟ್ಟಲನ್ನು ಬೆಕ್ಕು ನೆಕ್ಕಿದರೆ ಅದು ಬಂದದ್ದು ಹಾಲಿನ ಕೊಬ್ಬಿಗೆ, ಬೆಲ್ಲಕ್ಕಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಟಾರಿನ್ ಎಂಬ ಪದಾರ್ಥ. ಮಾಂಸ, ಮೀನು, ಅದರಲ್ಲಿಯೂ ಹೃದಯದಂತಹ ಸದಾ ದುಡಿಯುವ ಸ್ನಾಯುಗಳಲ್ಲಿ ಇದು ಹೇರಳವಾಗಿದೆ. ಅಕ್ಕಿ, ರಾಗಿ, ಬೇಳೆಗಳಲ್ಲಿ ಇಲ್ಲ. ಹಸುವಿನ ಹಾಲಿನಲ್ಲಿ ಅತ್ಯಲ್ಪ. ಟಾರಿನ್ ಸಿಗದ ಬೆಕ್ಕುಗಳ ಅಕ್ಷಿಪಟಲ ಕ್ಷೀಣಿಸಿ ದೃಷ್ಟಿ ಹೋಗುತ್ತದೆ ಎಂಬುದು 1975ರಲ್ಲಿ ತಿಳಿದುಬಂದಿತು. ಕೇವಲ ಹಾಲಿನ ಕೇಸಿನ್ ಪ್ರೋಟೀನನ್ನು ಆಧರಿಸಿದ ಆಹಾರ ಕೊಟ್ಟಾಗ ಹೀಗಾಯಿತು ಎಂಬುದನ್ನು ಹಾಲನ್ನದ ಮನೆಗಳು ಗಮನಿಸಬೇಕು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದ ಪಾಲ್ ಪಿಯೋನ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಇನ್ನೊಂದು ಸಂಗತಿ ಪ್ರಕಟಿಸಿದರು: ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ದುರ್ಬಲವಾಗುತ್ತದೆ. ಆ ಬೆಕ್ಕುಗಳಲ್ಲಿ ಹಲವು ತಿನ್ನುತ್ತಿದ್ದುದು ಅಂಗಡಿಯ ಸಿದ್ಧ ಆಹಾರವನ್ನೇ. ಅನಂತರವೇ ತಯಾರಕರು ಟಾರಿನ್ ಪ್ರಮಾಣ ಹೆಚ್ಚಿಸಿದ್ದು. ಸಕಾಲದಲ್ಲಿ ಟಾರಿನ್ ಕೊಟ್ಟರೆ ಹೃದಯ ಚೇತರಿಸಿಕೊಳ್ಳಬಲ್ಲದು. ಹಾಳಾದ ಅಕ್ಷಿಪಟಲ ಮಾತ್ರ ಮತ್ತೆ ಸರಿಯಾಗುವುದಿಲ್ಲ.

ಬೇಕಾದ ಪ್ರಮಾಣವಾದರೂ ಎಷ್ಟು? ತಿ. ನರಸೀಪುರದವರಿಗೆ ಇದನ್ನು ಹೇಳುವುದು ಸುಲಭ. ಅಲ್ಲಿನ ಗುಂಜಾನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ಪ್ರತೀತಿಯಿದೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಆ ಬೀಜದ ತೂಕ ಸುಮಾರು 120 ಮಿಲಿಗ್ರಾಂ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವಾದ ಆಫ್ಕೋ ಗೊತ್ತುಪಡಿಸಿದ ಕನಿಷ್ಠ ಮಟ್ಟದ ಪ್ರಕಾರ 4 ಕಿಲೋ ತೂಕದ ಬೆಕ್ಕಿಗೆ ಒಣ ಆಹಾರದ ಮೂಲಕ ದಿನಕ್ಕೆ ಸುಮಾರು ಅರ್ಧ ಗುಲಗಂಜಿಯಷ್ಟು, ಡಬ್ಬಿಯ ಹಸಿ ಆಹಾರದ ಮೂಲಕ ಸುಮಾರು ಒಂದು ಗುಲಗಂಜಿಯಷ್ಟು ಟಾರಿನ್ ಸಿಗಬೇಕು. ಇದು ತೂಕದ ಲೆಕ್ಕ ಮಾತ್ರ. ಗುಲಗಂಜಿ ಬೀಜ ಮನುಷ್ಯರಿಗೂ ಪ್ರಾಣಿಗಳಿಗೂ ಘೋರ ವಿಷ, ಅದನ್ನು ಬೆಕ್ಕು, ಮಕ್ಕಳು ಇರುವ ಕಡೆ ಬಿಡಬಾರದು.

ಪ್ರೋಟೀನಿನ ಲೆಕ್ಕವೂ ಇದೇ ಕಥೆ ಹೇಳುತ್ತದೆ. 100 ಗ್ರಾಂ ಅನ್ನಕ್ಕೆ 100 ಮಿಲಿಲೀಟರ್ ಹಾಲು ಬೆರೆಸಿದರೆ ಸುಮಾರು 190 ಕಿಲೋ ಕ್ಯಾಲೊರಿ ಶಕ್ತಿ, ಆರು ಗ್ರಾಂಗಿಂತ ತುಸು ಕಡಿಮೆ ಪ್ರೋಟೀನ್ ದೊರೆಯುತ್ತದೆ. ಎಂದರೆ ಪ್ರತಿ 100 ಕಿಲೋ ಕ್ಯಾಲೊರಿಗೆ 3 ಗ್ರಾಂ. ವಯಸ್ಕ ಬೆಕ್ಕಿಗೆ ಆಫ್ಕೋ ಹೇಳುವ ಕನಿಷ್ಠ ಪ್ರಮಾಣ 6.5 ಗ್ರಾಂ. ಹೊಟ್ಟೆ ತುಂಬುತ್ತದೆ, ಮೈ ದುಂಡಗಾಗುತ್ತದೆ, ಸ್ನಾಯು ಮಾತ್ರ ಕರಗುತ್ತದೆ. ಇದರ ಮೇಲೆ, ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುವುದುಂಟು. ಮೊಸರು ಸ್ವಲ್ಪ ವಾಸಿ.

ಸಸ್ಯಾಹಾರಿ ಮನೆಯ ಬೆಕ್ಕು

ಮನೆಯೊಳಗೆ ಮಾಂಸ ತರದ ಕುಟುಂಬಗಳಿಗೆ ಇದೊಂದು ಧರ್ಮಸಂಕಟ. ಬೆಕ್ಕನ್ನೂ ಸಸ್ಯಾಹಾರಿ ಮಾಡುತ್ತೇವೆಂಬ ಹಟ ಅದರ ಕಣ್ಣಿಗೆ, ಹೃದಯಕ್ಕೆ ಅಪಾಯ. ಬೇಯಿಸಿದ ಮೊಟ್ಟೆ ಒಳ್ಳೆಯ ಪ್ರೋಟೀನೇ ಹೌದು, ಆದರೆ ಅದರಲ್ಲಿಯೂ ಟಾರಿನ್ ನಗಣ್ಯ. ಹಸಿ ಮೊಟ್ಟೆಯ ಬಿಳಿಭಾಗ ಬಯೋಟಿನ್ ಎಂಬ ಜೀವಸತ್ವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೇಯಿಸದೆ ಕೊಡಬಾರದು. ಇಂತಹ ಮನೆಗಳಿಗೆ ಮೊಹರಾದ ಚೀಲದಲ್ಲಿ ಬರುವ ಒಣ ಆಹಾರವೇ ಪ್ರಾಯೋಗಿಕ ಮಾರ್ಗ. ಅದರಲ್ಲಿಯೂ ಮಾಂಸವಿದೆ, ನಿಜ. ಆದರೆ ಅಡುಗೆಮನೆಯ ಪಾತ್ರೆಗೆ, ಒಲೆಗೆ ಸೋಕದಂತೆ ಪ್ರತ್ಯೇಕ ಬಟ್ಟಲಿನಲ್ಲಿ ಹಿತ್ತಿಲಿನಲ್ಲಿಯೋ ಜಗುಲಿಯಲ್ಲಿಯೋ ಇಡಬಹುದು. ಅದೂ ಒಗ್ಗದವರು ಬೆಕ್ಕನ್ನು ಮನೆಯೊಳಗೆ ಕಟ್ಟಿಹಾಕದಿರುವುದೇ ಮೇಲು.

ಮಾಂಸ, ಮೀನಿನ ಮನೆಯ ಬೆಕ್ಕು

ಮಾಂಸಾಹಾರಿ ಮನೆಯ ಬೆಕ್ಕು ಅದೃಷ್ಟಶಾಲಿ ಎಂದು ತಿಳಿಯುವುದು ಪೂರ್ತಿ ಸರಿಯಲ್ಲ. ಬನ್ನೂರು ಕುರಿಯ ಬಾಡಿಗೆ ಹೆಸರಾದ ತಿ. ನರಸೀಪುರ ತಾಲೂಕಿನಲ್ಲಿಯೂ ಬೆಕ್ಕಿನ ಪಾಲಿಗೆ ಬರುವುದು ಬಾಡಿನ ಸಾರಿನಲ್ಲಿ ಕಲಸಿದ ಅನ್ನ ಮತ್ತು ಎಲುಬು. ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದೇಹದ ಪ್ರತಿ ಕಿಲೋ ತೂಕಕ್ಕೆ 5 ಗ್ರಾಂ ಈರುಳ್ಳಿ ಸಾಕು, ರಕ್ತಹೀನತೆ ಉಂಟಾಗಲು. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಬೆಂದ ಎಲುಬು ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.

ನದಿಯ ಮೀನಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಸಾಮಾನ್ಯ ಗೆಂಡೆ ಮೀನಿನಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಮೀನು ಶುಚಿಮಾಡುವಾಗ ಎಸೆಯುವ ಹಸಿ ತಲೆ, ಕರುಳನ್ನೇ ನಿತ್ಯ ತಿನ್ನುವ ಬೆಕ್ಕಿಗೆ ತಲೆ ಬಾಗುವುದು, ತೂರಾಡುವುದು, ಸೆಳವು ಬರಬಹುದು. ಚೆನ್ನಾಗಿ ಬೇಯಿಸಿದರೆ ಕಿಣ್ವ ನಿಷ್ಕ್ರಿಯವಾಗುತ್ತದೆ, ಮುಳ್ಳು ಬಿಡಿಸಿ ಕೊಡಬಹುದು. ಒಣಮೀನಿನಲ್ಲಿ ಉಪ್ಪು ಅತಿಯಾಗಿರುವುದರಿಂದ ಅದು ದಿನನಿತ್ಯದ ಆಹಾರವಾಗಲಾರದು.

ಕೋಳಿ ಬೇಯಿಸಿ ಹಾಕುವವರು ಎದೆಯ ಬಿಳಿ ಮಾಂಸಕ್ಕಿಂತ ತೊಡೆಯ ಮಾಂಸ, ಹೃದಯಗಳನ್ನು ಆರಿಸುವುದು ಉತ್ತಮ. ಟಾರಿನ್ ಅಲ್ಲಿ ಹೆಚ್ಚು. ಅದು ನೀರಿನಲ್ಲಿ ಕರಗುವುದರಿಂದ ಬೇಯಿಸಿದ ನೀರನ್ನು ಚೆಲ್ಲದೆ ಮಾಂಸದೊಡನೆಯೇ ಕೊಡಬೇಕು. ಉಪ್ಪು, ಖಾರ, ಮಸಾಲೆ ಬೇಡ. ಆದರೆ ಬರೀ ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ತೀರ ಕಡಿಮೆ. ಇಲಿಯನ್ನು ಬೆಕ್ಕು ಮೂಳೆಸಹಿತ ತಿನ್ನುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಬೋನ್‌ಲೆಸ್ ಕೋಳಿಯನ್ನೇ ತಿಂದು ಬೆಳೆದ ಮರಿಗಳ ಮೂಳೆ ಮೆತ್ತಗಾಗಿ, ಹಾರಿದರೆ ಮುರಿಯುವ ಸ್ಥಿತಿಗೆ ಬರುತ್ತದೆ. ಮನೆಯ ಅಡುಗೆಯನ್ನೇ ನೆಚ್ಚುವವರು ಪಶುವೈದ್ಯರಿಂದ ಕ್ಯಾಲ್ಸಿಯಂ, ಟಾರಿನ್ ಪ್ರಮಾಣ ಬರೆಸಿಕೊಳ್ಳಬೇಕು. ಪಿತ್ತಜನಕಾಂಗ ಬೆಕ್ಕಿಗೆ ಪ್ರಿಯವೇ, ಆದರೆ ನಿತ್ಯ ಕೊಟ್ಟರೆ ಎ ಜೀವಸತ್ವ ಅತಿಯಾಗಿ ಬೆನ್ನು, ಕತ್ತಿನ ಕೀಲುಗಳು ಬೆಸೆದುಹೋಗುತ್ತವೆ.

ಚೀಲದ ಹಿಂಬದಿ ಓದುವುದು

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ 1989ರಿಂದ ಕಾಫಿ ತಯಾರಿಸುತ್ತಿರುವ ನೆಸ್ಲೆ ಸಂಸ್ಥೆಯೇ 2001ರಲ್ಲಿ ಅಮೆರಿಕದ ಪ್ಯೂರಿನಾವನ್ನು ಕೊಂಡು ಸಾಕುಪ್ರಾಣಿಗಳ ಆಹಾರದ ದೊಡ್ಡ ವ್ಯಾಪಾರಿಯಾಯಿತು. ವಿಸ್ಕಾಸ್, ಮಿ-ಓ, ಡ್ರೂಲ್ಸ್, ರಾಯಲ್ ಕ್ಯಾನಿನ್ ಮುಂತಾದ ಹೆಸರುಗಳೂ ಈಗ ಪರಿಚಿತವೇ. ಹೆಸರು, ಬೆಲೆ, ಮುಂಬದಿಯ ಬೆಕ್ಕಿನ ಚಿತ್ರ ಇವುಗಳಿಂದ ಗುಣಮಟ್ಟ ತಿಳಿಯುವುದಿಲ್ಲ. ಹಿಂಬದಿಯ ಸಣ್ಣ ಅಕ್ಷರ ಓದಬೇಕು.

ಮೊದಲು ನೋಡಬೇಕಾದುದು, ಅದು ಬೆಕ್ಕಿನ 'ಸಂಪೂರ್ಣ ಮತ್ತು ಸಮತೋಲಿತ' ಆಹಾರವೇ, ಮರಿಗೋ ವಯಸ್ಕ ಬೆಕ್ಕಿಗೋ ಎಂಬುದು. ಕೊಳವೆಯಂತಹ ಪ್ಯಾಕೆಟ್ಟಿನಿಂದ ನೆಕ್ಕಿಸುವ ಕೆನೆಯಂಥ ತಿನಿಸುಗಳು ಸಾಮಾನ್ಯವಾಗಿ ಊಟವಲ್ಲ, ಮಕ್ಕಳ ಚಾಕೊಲೇಟ್ ಇದ್ದಂತೆ. ನಾಯಿಗೆಂದು ತಂದದ್ದನ್ನು ಬೆಕ್ಕಿಗೂ ಹಾಕುವ ಅಭ್ಯಾಸ ಕೆಟ್ಟದ್ದು. ನಾಯಿ ತನಗೆ ಬೇಕಾದ ಟಾರಿನನ್ನು ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳುವುದರಿಂದ ಅದರ ಆಹಾರದಲ್ಲಿ ಟಾರಿನ್ ಬೆರೆಸಿರಲೇಬೇಕೆಂದಿಲ್ಲ.

ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಕೋಳಿ, ಮೀನು ಅಥವಾ ಅವುಗಳ ಒಣಪುಡಿ ಮೊದಲಲ್ಲಿದ್ದರೆ ಒಳ್ಳೆಯ ಸೂಚನೆ. ಜೋಳ, ಗೋಧಿ, ಸೋಯಾ ಮೊದಲಲ್ಲಿದ್ದು 'ಕೋಳಿಯ ಸ್ವಾದ' ಎಂದಿದ್ದರೆ ಅದು ಸ್ವಾದ ಮಾತ್ರ. ಪ್ರೋಟೀನ್ ಹೋಲಿಸುವಾಗ ತೇವಾಂಶ ಕಳೆಯಬೇಕು. ಒಣ ಆಹಾರದಲ್ಲಿ ತೇವ ಶೇ. 10, ಪ್ರೋಟೀನ್ ಶೇ. 30 ಇದ್ದರೆ ನೀರು ತೆಗೆದ ಲೆಕ್ಕದಲ್ಲಿ ಅದು ಶೇ. 33. ಪೌಚಿನಲ್ಲಿ ತೇವ ಶೇ. 80, ಪ್ರೋಟೀನ್ ಕೇವಲ ಶೇ. 10 ಎಂದಿದ್ದರೂ ಲೆಕ್ಕ ಶೇ. 50ಕ್ಕೆ ಏರುತ್ತದೆ. ಹೀಗೆ ಲೆಕ್ಕ ಹಾಕಿದಾಗ ವಯಸ್ಕ ಬೆಕ್ಕಿಗೆ ಶೇ. 26, ಮರಿಗೆ ಶೇ. 30 ಕನಿಷ್ಠ ಮಟ್ಟ.

ಆದರೂ ಅಂಕಿಯೊಂದನ್ನೇ ನಂಬುವಂತಿಲ್ಲ. ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನು, ಪ್ರೋಟೀನನ್ನಲ್ಲ. 2007ರಲ್ಲಿ ಚೀನಾದಿಂದ ಬಂದ ಗೋಧಿ ಗ್ಲುಟೆನ್‌ನಲ್ಲಿ ಸಾರಜನಕದ ಅಂಕಿ ಏರಿಸಲು ಮೆಲಮೈನ್ ಬೆರೆಸಿದ್ದರಿಂದ ಉತ್ತರ ಅಮೆರಿಕದಲ್ಲಿ ಬೆಕ್ಕು, ನಾಯಿಗಳು ಮೂತ್ರಪಿಂಡ ವೈಫಲ್ಯದಿಂದ ಸತ್ತವು. ಕೋಟಿಗಟ್ಟಲೆ ಡಬ್ಬಿ, ಪೌಚ್‌ಗಳನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಪ್ರೋಟೀನ್ ಎಷ್ಟು ಎಂಬುದರ ಜೊತೆಗೆ ಯಾವುದರಿಂದ ಬಂದದ್ದು ಎಂದು ಕೇಳಬೇಕಾದುದು ಇದಕ್ಕಾಗಿಯೇ.

ದೊಡ್ಡ ಚೀಲ ಬಿಚ್ಚಿ ಸಡಿಲವಾಗಿ ತೂಗಿ ಕೊಡುವ ಕ್ಯಾಟ್ ಫುಡ್ ಅಗ್ಗವೆನಿಸಬಹುದು. ಅದರಲ್ಲಿ ತಯಾರಿಕೆಯ ದಿನಾಂಕವೂ ಇಲ್ಲ, ಪದಾರ್ಥಗಳ ಪಟ್ಟಿಯೂ ಇಲ್ಲ. ಗಾಳಿ ಸೋಕಿದ ಕೊಬ್ಬು ಮುಗ್ಗುತ್ತದೆ, ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. 4 ಕಿಲೋ ಬೆಕ್ಕಿಗೆ ದಿನಕ್ಕೆ ಬೇಕಾದುದು 200ರಿಂದ 250 ಕಿಲೋ ಕ್ಯಾಲೊರಿ, ಒಣ ಆಹಾರದ ಲೆಕ್ಕದಲ್ಲಿ 60 ಗ್ರಾಂ ಆಸುಪಾಸು. ತಿಂಗಳಿಗೆ 2 ಕಿಲೋ ಮುಟ್ಟುವುದಿಲ್ಲ. ಆದ್ದರಿಂದ ಚಿಕ್ಕ ಚೀಲವನ್ನೇ ಕೊಂಡು, ಅದೇ ಚೀಲದ ಬಾಯಿ ಮಡಿಸಿ ಬಿಗಿ ಮುಚ್ಚಳದ ಡಬ್ಬದೊಳಗೆ ಇಡಬಹುದು.

ಹಾಲನ್ನದಿಂದ ಹೊಸ ಆಹಾರಕ್ಕೆ ಒಂದೇ ದಿನದಲ್ಲಿ ಬದಲಾಯಿಸಬಾರದು. ಏಳರಿಂದ ಹತ್ತು ದಿನ, ಹಳೆಯದನ್ನು ಇಳಿಸುತ್ತ ಹೊಸದನ್ನು ಏರಿಸಬೇಕು. ಹಸಿದರೆ ತಾನಾಗಿ ತಿನ್ನುತ್ತದೆ ಎಂದು ಬಿಡುವುದು ಅಪಾಯ. ದಪ್ಪ ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಎರವಾಗಬಹುದು.

ನೀರಿನ ವಿಷಯ ಕೊನೆಯದು, ಹಗುರವಾದುದಲ್ಲ. ಇಲಿಯ ಮೈಯಲ್ಲಿ ಶೇ. 70ರಷ್ಟು ನೀರಿರುತ್ತದೆ, ಒಣ ಆಹಾರದಲ್ಲಿ ಶೇ. 10. ಬೆಕ್ಕು ಸ್ವಭಾವತಃ ಕಡಿಮೆ ನೀರು ಕುಡಿಯುವ ಪ್ರಾಣಿ. ಆದ್ದರಿಂದ ಒಣ ಆಹಾರಕ್ಕೆ ಸ್ವಲ್ಪ ಬೆಚ್ಚಗಿನ ನೀರು ಬೆರೆಸುವುದು, ದಿನಕ್ಕೊಮ್ಮೆ ಹಸಿ ಆಹಾರ ಕೊಡುವುದು, ಎರಡು ಮೂರು ಕಡೆ ಶುದ್ಧ ನೀರಿಡುವುದು ಒಳ್ಳೆಯದು. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು ನರಳುತ್ತಿದ್ದು, ಒಂದು ಹನಿಯೂ ಬಾರದಿದ್ದರೆ ಅದನ್ನು ಮಲಬದ್ಧತೆಯೆಂದು ತಿಳಿದು ಎಣ್ಣೆ ಕುಡಿಸುತ್ತ ಕೂರಬಾರದು. ಮೂತ್ರನಾಳ ಕಟ್ಟಿರಬಹುದು, ಒಂದೆರಡು ದಿನದಲ್ಲಿ ಸಾವು ಸಂಭವಿಸುತ್ತದೆ. ತಾಲೂಕಿನ ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಅಂದೇ ಮೈಸೂರಿಗೆ ಒಯ್ಯಬೇಕು: ನಂಜನಗೂಡಿನಿಂದ ಸುಮಾರು 25 ಕಿ.ಮೀ., ತಿ. ನರಸೀಪುರದಿಂದ ಸುಮಾರು 30. ರಾತ್ರಿ ಹೊತ್ತು ಬೆಕ್ಕುಗಳನ್ನು ನೋಡುವ ವೈದ್ಯರು ಯಾರೆಂದು ಮೊದಲೇ ವಿಚಾರಿಸಿ ದೂರವಾಣಿ ಸಂಖ್ಯೆ ಬರೆದಿಟ್ಟುಕೊಳ್ಳಬೇಕು.