ಶ್ರೀರಂಗಪಟ್ಟಣದ ಪಿಸ್ತೂಲು ಮತ್ತು ಅದನ್ನು ಹೊತ್ತ ದೇಹ

ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಪಿಸ್ತೂಲುಗಳ ಬಗ್ಗೆ ನಡೆದಿರುವ ಚರ್ಚೆ ಬಹುಪಾಲು ಅಲಂಕಾರದ ಸುತ್ತಲೇ ನಿಂತಿದೆ: ಹುಲಿಮುಖ, ಹುಲಿಪಟ್ಟೆ, ನಳಿಗೆಯ ಮೇಲಿನ ಚಿನ್ನ ಬೆಳ್ಳಿಯ ಕುಸುರಿ, ಲಂಡನ್ನಿನ ಹರಾಜಿನಲ್ಲಿ ಬಂದ ಬೆಲೆ. ಬೆಳಗಿನಿಂದ ಸಂಜೆಯವರೆಗೆ ಇಂಥ ಆಯುಧವನ್ನು ಹೊತ್ತವರು ಯಾರು, ಹೇಗೆ ಹೊತ್ತರು ಎಂಬ ಪ್ರಶ್ನೆ ಬದಿಗೇ ಉಳಿದಿದೆ. ಆಯುಧ ಒಡೆಯನದಾದರೂ ಅದರ ಭಾರ ಕುದುರೆಗೆ, ಎತ್ತಿಗೆ, ಊಳಿಗದವರಿಗೆ ಹಂಚಿಹೋಗಿತ್ತು ಎಂಬುದು ಈ ಲೇಖನದ ವಾದ.

ಹದಿನೆಂಟನೆಯ ಶತಮಾನದ ಸವಾರರ ಪಿಸ್ತೂಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಿಲೋ ತೂಗುತ್ತಿತ್ತು. ಮದ್ದಿನ ಒತ್ತಡ ತಡೆಯಲು ನಳಿಗೆ ದಪ್ಪವಾಗಿರಬೇಕು. ಹಾಗಾಗಿ ಭಾರವೆಲ್ಲ ಮುಂದಕ್ಕೆ ಜಗ್ಗುತ್ತದೆ. ಒಮ್ಮೆ ಹಾರಿಸಿದರೆ ಮತ್ತೆ ಮದ್ದು, ಗುಂಡು ತುಂಬಿ ಗಜವೆಂಬ ಸರಳಿನಿಂದ ಜಡಿಯಬೇಕು. ಆದ್ದರಿಂದ ಒಂದು ಸಾಲದೆ ಜೋಡಿ ಬೇಕಾಯಿತು. ಅದರ ಜೊತೆಗೆ ಮದ್ದಿನ ಬುರುಡೆ, ಗುಂಡಿನ ಚೀಲ, ಬಿಡಿ ಚಕಮಕಿ ಕಲ್ಲುಗಳು. ಇಷ್ಟನ್ನೂ ಸೊಂಟಕ್ಕೆ ಬಿಗಿದುಕೊಂಡು ದಿನವಿಡೀ ನಡೆಯುವುದು ಕಷ್ಟ. ಜೀನಿನ ಮುಂಭಾಗದಲ್ಲಿ ಎರಡೂ ಬದಿಗೆ ಚರ್ಮದ ಒರೆ ಕಟ್ಟಿ ಜೋಡಿ ಪಿಸ್ತೂಲು ಇಳಿಬಿಡುವ ಯೂರೋಪಿನ ಸವಾರರ ಪದ್ಧತಿ ಹುಟ್ಟಿದ್ದೂ ಈ ಕಾರಣಕ್ಕೇ.

ಶ್ರೀರಂಗಪಟ್ಟಣದ ಕುಶಲಕರ್ಮಿಗಳು ಮಾಡಿದ ಒಂದು ಮಾರ್ಪಾಡು ಇಲ್ಲಿ ಬಹಳ ಮುಖ್ಯ. ಟಿಪ್ಪುವಿಗಾಗಿ ತಯಾರಾದ ಕೆಲವು ಜೋಡಿಗಳಲ್ಲಿ ಒಂದು ಪಿಸ್ತೂಲಿನ ಚಕಮಕಿ ಯಂತ್ರ ಬಲಬದಿಗಿದ್ದರೆ, ಇನ್ನೊಂದರದು ಎಡಬದಿಗಿದೆ. ಎರಡು ಕೈಯಲ್ಲೂ ಗುಂಡು ಹಾರಿಸುವ ಅನುಕೂಲಕ್ಕೆ ಎಂದು ಇದನ್ನು ವಿವರಿಸುವುದುಂಟು. ಹೊರುವವನ ಕಡೆಯಿಂದ ನೋಡಿದರೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಕಲ್ಲು ಕಚ್ಚಿದ ‘ಕುದುರೆ’ ಎಂಬ ಸುತ್ತಿಗೆ, ಕಿಡಿ ತಾಗುವ ಮದ್ದಿನ (ರಂಜಕದ) ಬಟ್ಟಲು, ಉಕ್ಕಿನ ಪಟ್ಟಿ ಇವೆಲ್ಲ ಉಬ್ಬಿ ನಿಲ್ಲುವ ಭಾಗಗಳು. ಎಡಕ್ಕೊಂದು, ಬಲಕ್ಕೊಂದು ಸಿಕ್ಕಿಸಿದಾಗ ಅವು ಹೊರಮುಖವಾಗಿರುತ್ತವೆ. ನುಣುಪಾದ ಬದಿ ಮೈಗೆ ಅಥವಾ ಕುದುರೆಯ ಪಕ್ಕೆಗೆ ತಾಗುತ್ತದೆ. ಬಟ್ಟೆಗೆ ಸಿಕ್ಕುವುದಿಲ್ಲ, ಚರ್ಮ ತರಚುವುದಿಲ್ಲ. ಇದು ನನ್ನ ಊಹೆ. ಆದರೆ ಹೊರುವ ಕಷ್ಟ ಬಲ್ಲವರ ಕೈ ಈ ವಿನ್ಯಾಸದಲ್ಲಿದೆ ಎಂದೇ ನನಗೆ ತೋರುತ್ತದೆ.

1799ರ ಮೇ 4ರಂದು ಬ್ರಿಟಿಷರು ಶ್ರೀರಂಗಪಟ್ಟಣದ ಮೇಲೆ ದಾಳಿಯಿಟ್ಟಾಗ ಕೋಟೆಯ ಗೋಡೆಯ ಮೇಲೆ ನಡೆದದ್ದು, ಆಯುಧದ ಭಾರ ಹಂಚಿಹೋಗಿತ್ತು ಎಂಬ ವಾದಕ್ಕೆ ಬಲ ಕೊಡುತ್ತದೆ. ಅಂದಿನ ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲಿ ಪ್ರಕಟಿಸಿದ ವೃತ್ತಾಂತದ ಪ್ರಕಾರ, ಊಳಿಗದವರು ಬಂದೂಕು ತುಂಬಿ ತುಂಬಿ ಕೈಗೆ ಕೊಡುತ್ತಿದ್ದರು, ಟಿಪ್ಪು ಹಾರಿಸುತ್ತಿದ್ದ. ಆ ಬಂದೂಕುಗಳನ್ನು ಹೊತ್ತು ತಂದು ಬಿಸಿಲಿನಲ್ಲಿ ಪಕ್ಕದಲ್ಲೇ ನಿಂತವರ ಹೆಸರನ್ನು ನಮ್ಮ ಇತಿಹಾಸ ಕೇಳಿಲ್ಲ.

ಭಾರದ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಬೆಳಗೊಳದ ಹತ್ತಿರದ ಕನ್ನಂಬಾಡಿ 1791ರಲ್ಲೇ ಕಂಡಿತ್ತು. ಆ ವರ್ಷದ ಮೇ 15ರಂದು ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಗೆದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಹೊಳೆ ದಾಟಲು ಕನ್ನಂಬಾಡಿಯ ಕಡೆಗೆ ನಡೆದ. ಮೇವಿಲ್ಲದೆ ಎತ್ತುಗಳು ಸತ್ತವು. ಮುತ್ತಿಗೆಗೆಂದು ತಂದ ದೊಡ್ಡ ಫಿರಂಗಿಗಳನ್ನು ಎಳೆಯುವವರಿಲ್ಲದೆ ಅಲ್ಲಿಯೇ ಹಾಳುಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಆ ಹಳೆಯ ಕನ್ನಂಬಾಡಿ ಈಗ ಕೃಷ್ಣರಾಜಸಾಗರದ ನೀರಿನಲ್ಲಿದೆ. ಇತ್ತ ಅಮೃತಮಹಲ್ ತಳಿಯ ಎತ್ತುಗಳನ್ನು ಸಾಕಿದ ಮೈಸೂರಿನ ಅರಸರಿಗೆ ಸಾಗಣೆಯೂ ಯುದ್ಧದ ಭಾಗವೆಂಬುದು ಚೆನ್ನಾಗಿ ತಿಳಿದಿತ್ತು.

ಇಂದು ಈ ಭಾರ ಹಂಚಿಕೊಳ್ಳಲು ಕುದುರೆಯಿಲ್ಲ, ಊಳಿಗದವರೂ ಇಲ್ಲ. ಭಾರತದ ಪೊಲೀಸರು ಬಳಸುವ ಒಂದು ಬಗೆಯ 9 ಎಂಎಂ ಪಿಸ್ತೂಲಿನಲ್ಲಿ 13 ಗುಂಡು ಹಿಡಿಯುತ್ತದೆ. ತುಂಬಿದಾಗ ತೂಕ ಸುಮಾರು ಒಂದು ಕಿಲೋ. ಅದು ಬೆಲ್ಟಿನ ಒಂದೇ ಬದಿಗೆ ತೂಗುತ್ತದೆ. ಪಟ್ಟಣದ ಜಾತ್ರೆ, ದಸರೆಯ ಬಂದೋಬಸ್ತಿನಲ್ಲಿ ಇಡೀ ದಿನ ನಿಲ್ಲುವ ಅಧಿಕಾರಿಯ ಸೊಂಟ ಆ ಬದಿಗೆ ವಾಲುತ್ತದೆ, ಬೆನ್ನು ಅದನ್ನು ಸರಿದೂಗಿಸಲು ಇನ್ನೊಂದು ಬದಿಗೆ ಬಾಗುತ್ತದೆ. ಜೀಪಿನಲ್ಲಿ ಕುಳಿತರೆ ಅದೇ ಒರೆ ಪಕ್ಕೆಗೆ ಒತ್ತುತ್ತದೆ. ಬೆನ್ನುನೋವನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಳ್ಳುವುದು ಅನ್ಯಾಯ.

ಹಳೆಯ ಆಯುಧಗಳನ್ನು ಕಾಪಾಡುತ್ತಿರುವ ಮೈಸೂರು ಅರಮನೆಯ ಆಯುಧಶಾಲೆಯವರಲ್ಲೂ ನಾಡಿನ ಇತರ ಸಂಗ್ರಹಾಲಯಗಳವರಲ್ಲೂ ನನ್ನ ಕೋರಿಕೆ ಇಷ್ಟು: ಪ್ರತಿ ಪಿಸ್ತೂಲಿನ ತೂಕ, ಅದು ಸಮತೂಗುವ ಬಿಂದು, ಒರೆ ಮತ್ತು ಕೊಕ್ಕೆಗಳ ಸವೆತ ಇವನ್ನು ದಾಖಲಿಸಿ ಸಂಶೋಧಕರಿಗೆ ಸಿಗುವಂತೆ ಮಾಡಿ.