ನರಪೂರ್ವಜ ಕೋಶಗಳ ವಲಸೆ

ವಯಸ್ಕ ಮಿದುಳಿನಲ್ಲಿ ಹುಟ್ಟಿದ, ಇನ್ನೂ ಬಲಿಯದ ನರಕೋಶಗಳು ತಮ್ಮ ನೆಲೆಗೆ ಸಾಗುವ ಕ್ರಿಯೆ. ಇಲಿಗಳಲ್ಲಿ ಇದರ ಅಧ್ಯಯನ ಹೆಚ್ಚು. ಪಾರ್ಶ್ವ ಕುಹರಗಳ ಗೋಡೆಯ ಕಾಂಡಕೋಶಗಳಿಂದ ಹುಟ್ಟಿದ ಇವು ಕೆಲವು ಮಿಲಿಮೀಟರ್ ದೂರ ಕ್ರಮಿಸಿ, ವಾಸನೆಯ ಸಂಕೇತಗಳನ್ನು ಮೊದಲು ಸ್ವೀಕರಿಸುವ ಘ್ರಾಣಕಂದವನ್ನು ಸೇರುತ್ತವೆ. ಕೋಶದ ಗಾತ್ರಕ್ಕೆ ಹೋಲಿಸಿದರೆ ಅದು ನಿಜಕ್ಕೂ ದೀರ್ಘ ಪಯಣ. ಜೋಸೆಫ್ ಆಲ್ಟ್‌ಮನ್ 1960ರ ದಶಕದಲ್ಲೇ ಈ ವಲಸೆಯನ್ನು ಗುರುತಿಸಿದ್ದರೂ ವಿಜ್ಞಾನಲೋಕ ಬಹುಕಾಲ ಅದಕ್ಕೆ ಸಲ್ಲಬೇಕಾದ ಮನ್ನಣೆ ನೀಡಲಿಲ್ಲ. ಕಾರ್ಲೋಸ್ ಲೋಯಿಸ್ ಮತ್ತು ಆರ್ಟುರೊ ಆಲ್ವಾರೆಸ್-ಬುಯ್ಯಾ 1994ರಲ್ಲಿ ಈ ದಾರಿಯನ್ನು ವಿವರವಾಗಿ ತೋರಿಸಿದರು.

ಭ್ರೂಣದಲ್ಲಿ ನರಕೋಶಗಳು ಗ್ಲಿಯಾ ಕೋಶಗಳ ನೀಳ ಎಳೆಗಳನ್ನು ಹಿಡಿದು ಏರುತ್ತವೆ. ವಯಸ್ಕ ಮಿದುಳಿನಲ್ಲಿ ಹಾಗಲ್ಲ: ಇರುವೆಸಾಲಿನಂತೆ ಒಂದಕ್ಕೊಂದು ತಾಗಿಕೊಂಡು, ಒಂದರ ಮೈಮೇಲೆ ಇನ್ನೊಂದು ಜಾರುತ್ತವೆ. ಪ್ರತಿ ಕೋಶವೂ ಮೊದಲು ಮುಂಚಾಚನ್ನು ನೀಡುತ್ತದೆ; ಬಳಿಕ ಕೋಶಕೇಂದ್ರ ಅದನ್ನು ಹಿಂಬಾಲಿಸುತ್ತದೆ. ಆಸ್ಟ್ರೋಸೈಟ್ ಎಂಬ ಗ್ಲಿಯಾ ಕೋಶಗಳು ಸುತ್ತಲೂ ಕೊಳವೆ ಕಟ್ಟುತ್ತವೆ. ಕೋಶದ ಹೊರಮೈಯ ಪಾಲಿಸಿಯಾಲಿಕ್ ಆಮ್ಲ ಅವು ಬಿಗಿಯಾಗಿ ಅಂಟಿಕೊಳ್ಳದಂತೆ ತಡೆಯುತ್ತದೆ. ಅದಿಲ್ಲದ ಇಲಿಗಳಲ್ಲಿ ವಲಸೆ ಕುಂಠಿತವಾಗಿ ಘ್ರಾಣಕಂದ ಚಿಕ್ಕದಾಗುತ್ತದೆ. ಸ್ಲಿಟ್ ಪ್ರೋಟೀನು ಕೋಶಗಳನ್ನು ಹಿಂದಿನಿಂದ ವಿಕರ್ಷಿಸುತ್ತದೆ, ಕುಹರದ ರೋಮಗಳು ಹರಿಸುವ ಮಿದುಳುದ್ರವ ಅದನ್ನು ಹಂಚುತ್ತದೆ. ಘ್ರಾಣಕಂದದಲ್ಲಿ ರೀಲಿನ್ ಪ್ರೋಟೀನು ಸಾಲನ್ನು ಬಿಡಿಸುತ್ತದೆ.

ಮಾನವ ಶಿಶುಗಳಲ್ಲಿ ಇಂಥ ಕೋಶಗಳು ಹೇರಳ. ಸುಮಾರು 18 ತಿಂಗಳ ನಂತರ ತೀರಾ ವಿರಳ. ಹಾಗಾಗಿ ಇಲಿಯ ಫಲಿತಾಂಶಗಳನ್ನು ನೇರವಾಗಿ ಮನುಷ್ಯನಿಗೆ ಅನ್ವಯಿಸಲಾಗದು. ಈ ವಲಸೆ ಮಿದುಳಿನ ಗಾಯಕ್ಕೂ ಸ್ಪಂದಿಸುತ್ತದೆ: ಪಾರ್ಶ್ವವಾಯುವಿಗೆ ಕಾರಣವಾಗುವಂತೆ ಮಿದುಳಿನ ರಕ್ತಪೂರೈಕೆ ತಡೆಹಿಡಿದ ಇಲಿಗಳಲ್ಲಿ ಕೆಲವು ಕೋಶಗಳು ದಾರಿ ಬದಲಿಸಿ ಗಾಯದತ್ತ ಹೋಗುತ್ತವೆ, ಆದರೆ ಹೆಚ್ಚಿನವು ಅಲ್ಲಿ ಉಳಿಯುವುದಿಲ್ಲ.